ಸಂದಿನ ಸಂಸಾರ

ಚಿತ್ರದುರ್ಗದ ಬಸ್ ನಿಲ್ದಾಣಕ್ಕೆ ಕೂಗಳತೆಯಲ್ಲಿದ್ದ ಲಾಡ್ಜಿನ ಕೋಣೆಯೊಂದರಲ್ಲಿ ರಾತ್ರಿ ಎರಡೂವರೆಗೆ ದೀಪ ಹತ್ತಿತು. ಮೇಷ್ಟ್ರು ಬನಿಯನ್ನಿನಲ್ಲೇ ಮಂಚದ ಪಕ್ಕ ಮಂಡಿಯೂರಿ, ಮೊಬೈಲಿನ ಟಾರ್ಚನ್ನು ಹಾಸಿಗೆಯ ಹೊಲಿಗೆಗೆ ಹಿಡಿದಿದ್ದರು. ಟೀಚರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಸೆರಗನ್ನು ಮೈತುಂಬ ಹೊದ್ದುಕೊಂಡು, "ಅಲ್ಲಲ್ಲ ರೀ, ದಿಂಬಿನ ಹತ್ರ ಹೋಯ್ತು" ಎಂದು ದಾರಿ ತೋರಿಸುತ್ತಿದ್ದರು. ಬಿಳಿ ಬೆಡ್‌ಶೀಟಿನ ಮೇಲೆ ಒಂದು ಹುರುಳಿಕಾಳು ನಡೆದು ಹೋಗುತ್ತಿತ್ತು. ಅದೇ ಬಣ್ಣ, ಅದೇ ಗಾತ್ರ, ಅದೇ ಚಪ್ಪಟೆ ಮೈ. ಬೆಳಕು ಬಿದ್ದದ್ದೇ ತಡ, ಅದು ಹಾಸಿಗೆಯ ಅಂಚಿನ ಮಡಿಕೆಗೆ ನುಗ್ಗಿ ಮಾಯವಾಯಿತು. ಮೇಷ್ಟ್ರು ಹೆಬ್ಬೆರಳಿನಿಂದ ಮಡಿಕೆಯನ್ನು ಒತ್ತಿದರು. ಬಟ್ಟೆಯ ಮೇಲೆ ಕಡಲೆಯಗಲದ ಕೆಂಪು ಕಲೆ ಮೂಡಿತು, ಕೋಣೆಯಲ್ಲಿ ಹುಳಿಹುಳಿಯಾದ ಒಂದು ಹಳೆಯ ವಾಸನೆ ಎದ್ದಿತು.

"ಇದು ನಮ್ಮದೇ ರಕ್ತ ಕಣೇ" ಎಂದರು ಮೇಷ್ಟ್ರು.

ಇಬ್ಬರೂ ಮೈಸೂರಿನ ಒಂದೇ ಹೈಸ್ಕೂಲಿನಿಂದ ನಿವೃತ್ತರಾದವರು. ಮೇಷ್ಟ್ರು ವಿಜ್ಞಾನ, ಟೀಚರು ಸಂಸ್ಕೃತ. 2023ರ ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವ ನೋಡಬೇಕೆಂದು ಹೊರಟು, ಹೇಗೂ ಅಷ್ಟು ದೂರ ಹೋಗುತ್ತೇವಲ್ಲ ಎಂದು ಹಿಂದಕ್ಕೊಂದು ಊರು, ಮುಂದಕ್ಕೆರಡು ಊರು ಸೇರಿಸಿಕೊಂಡಿದ್ದರು. ಬೆಂಗಳೂರಿನಲ್ಲಿ ಟೀಚರ ತಂಗಿಯ ಮನೆಯಲ್ಲಿ ಒಂದು ರಾತ್ರಿ, ಆಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಕೊನೆಗೆ ದುರ್ಗ. ಬೆಂಗಳೂರು ಮುಟ್ಟುವಷ್ಟರಲ್ಲಿ ಸೂಟ್‌ಕೇಸಿನ ಗಾಲಿ ಕಿತ್ತುಹೋಗಿತ್ತು. ತಂಗಿಯ ಮಗ ತನ್ನ ಪಿಜಿಯಿಂದ ದೊಡ್ಡದೊಂದು ಕಪ್ಪು ಬ್ಯಾಗ್ ತಂದುಕೊಟ್ಟ. ಪುಣ್ಯಾತ್ಮ ಎಂದು ಹರಸಿ ಹೊರಟಿದ್ದರು.

ಆ ತಿಂಗಳು ತಿಗಣೆಯ ಹೆಸರು ಪತ್ರಿಕೆಗಳಲ್ಲೂ ಓಡಾಡುತ್ತಿತ್ತು. ಪ್ಯಾರಿಸಿನ ಮೆಟ್ರೋ ರೈಲಿನಲ್ಲಿ, ಸಿನಿಮಾ ಮಂದಿರದಲ್ಲಿ ತಿಗಣೆ ಕಂಡಿದೆಯೆಂದು ಅಲ್ಲಿನ ಸರ್ಕಾರ ಸಭೆ ಕರೆದಿತ್ತು. 2017ರಿಂದ 2022ರ ನಡುವೆ ಫ್ರಾನ್ಸಿನ ನೂರರಲ್ಲಿ ಹನ್ನೊಂದು ಮನೆಗಳಿಗೆ ತಿಗಣೆ ಹೊಕ್ಕಿತ್ತೆಂದು ಅಲ್ಲಿನ ಆರೋಗ್ಯ ಸುರಕ್ಷತಾ ಸಂಸ್ಥೆ ಆ ವರ್ಷವೇ ಹೇಳಿತ್ತು. ಹಿರಿಯೂರಿನ ಬಸ್ಸಿನಲ್ಲಿ ಮೇಷ್ಟ್ರು ಇದನ್ನೆಲ್ಲ ಓದಿ ಹೇಳಿ ನಕ್ಕಿದ್ದರು. ಫ್ರಾನ್ಸಿನವರು ಈಗ ಕಂಡಿದ್ದನ್ನು ನಾವು ಲಕ್ಷ್ಮೀ ಟಾಕೀಸಿನ ಬೆತ್ತದ ಕುರ್ಚಿಯಲ್ಲೇ ನೋಡಿ ಮುಗಿಸಿದ್ದೇವೆ ಎಂಬ ಜಂಬ. ಪಕ್ಕದ ಸೀಟಿನಲ್ಲಿದ್ದ ಯಜಮಾನರೊಬ್ಬರು ಅದಕ್ಕೆ ಸಂತೆಯ ಹಳೆಯ ಜೋಕೊಂದನ್ನು ಜೋಡಿಸಿದರು. ತಿಗಣೆಗೆ ಶರ್ತಿಯಾ ಔಷಧಿ ಎಂದು ಮಾರುತ್ತಿದ್ದವನ ಪೊಟ್ಟಣ ಬಿಚ್ಚಿದರೆ ಒಳಗೆ ಎರಡು ಮರದ ತುಂಡು, ಜೊತೆಗೊಂದು ಚೀಟಿ: ತಿಗಣೆಯನ್ನು ಹಿಡಿದು ಇದರ ಮೇಲಿಡಿ, ಅದರಿಂದ ಕುಟ್ಟಿ.

ಹಿರಿಯೂರಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ತೇರುಮಲ್ಲೇಶ್ವರನ ದರ್ಶನ ಮಾಡಿಕೊಂಡು ಮಾರಿಕಣಿವೆಗೆ ಹೋದರು. ಮಳೆ ಕೈಕೊಟ್ಟ ವರ್ಷ, ದಾರಿಯುದ್ದಕ್ಕೂ ಹೊಲಗಳು ಬಾಡಿದ್ದವು. ಆದರೆ 1933ರ ನಂತರ ಎಂಬತ್ತೊಂಬತ್ತು ವರ್ಷ ಕೋಡಿ ಬೀಳದ ಅಲ್ಲಿನ ವಾಣಿವಿಲಾಸ ಸಾಗರ ಹಿಂದಿನ ವರ್ಷ, 2022ರ ಸೆಪ್ಟೆಂಬರಿನಲ್ಲಿ, ಕೋಡಿ ಬಿದ್ದಿತ್ತು. ಆ ನೀರು ಇನ್ನೂ ಇತ್ತು. ಎರಡು ಗುಡ್ಡದ ನಡುವಿನ ಸಂದಿಗೆ ಗೋಡೆ ಕಟ್ಟಿ ವೇದಾವತಿಯನ್ನು ನಿಲ್ಲಿಸಿದ ಕೆಲಸ 1907ರಲ್ಲಿ ಮುಗಿದದ್ದು. ಮೇಷ್ಟ್ರು ಕಟ್ಟೆಯ ಮೇಲೆ ನಿಂತು ಎಡಗೈಯನ್ನು ಒಮ್ಮೆ ಕೆರೆದುಕೊಂಡರು. ಯಾರೂ ಗಮನಿಸಲಿಲ್ಲ, ಅವರೂ ಸೇರಿ.

ಹೊಸದುರ್ಗದಲ್ಲಿ ಎರಡು ರಾತ್ರಿ. ಸಂಜೆಯಾದರೆ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶುರುಮಾಡಿದ ಶಿವಸಂಚಾರ ತಂಡ ವರ್ಷವರ್ಷವೂ ನಾಟಕಗಳನ್ನು ಕಟ್ಟಿಕೊಂಡು ಕರ್ನಾಟಕ ಸುತ್ತುತ್ತದೆ. ಬಯಲು ರಂಗಮಂದಿರದ ಕಲ್ಲುಮೆಟ್ಟಿಲ ಮೇಲೆ ಊರಿಗೆ ಊರೇ ಬಂದು ಕೂತು ನಾಟಕ ನೋಡುವ ನೋಟವೇ ಒಂದು ನಾಟಕ. ರಾತ್ರಿ ತಡವಾಗಿ ಲಾಡ್ಜಿಗೆ ಬಂದು ಮಲಗಿದವರಿಗೆ ಬೆಳಿಗ್ಗೆ ತೋಳಿನ ಮೇಲೆ ಕೆಂಪು ಗಂಧೆಗಳು. ಸೊಳ್ಳೆ ಎಂದುಕೊಂಡರು. ಎರಡನೆಯ ರಾತ್ರಿ ಕಾಯಿಲ್ ಹಚ್ಚಿದರು. ಮರುದಿನ ಗಂಧೆ ಇಮ್ಮಡಿಯಾಗಿತ್ತು.

ಸೊಳ್ಳೆ ಅಂದುಕೊಳ್ಳುವುದೇ ಮೊದಲ ತಪ್ಪು, ಎಲ್ಲರೂ ಮಾಡುವ ತಪ್ಪು. ಸೊಳ್ಳೆ ಕಿವಿಯ ಹತ್ತಿರ ಬಂದು ಹೇಳಿ ಕಚ್ಚುತ್ತದೆ. ತಿಗಣೆಗೆ ರೆಕ್ಕೆಯಿಲ್ಲ, ದನಿಯಿಲ್ಲ. ಮಲಗಿದವರ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಕಾವನ್ನೂ ಹಿಡಿದು ಬರುತ್ತದೆ, ಐದರಿಂದ ಹತ್ತು ನಿಮಿಷ ಹೀರುತ್ತದೆ, ಹೋಗುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿವೆ. ತುರಿಕೆ ಎಂಬುದು ಆ ಜೊಲ್ಲಿಗೆ ಮೈ ತೋರುವ ಮುನಿಸು. ಆ ಮುನಿಸು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕೆಲವರಿಗೆ ಗಂಧೆ ಏಳುವುದೇ ಇಲ್ಲ, ಕೆಲವರಿಗೆ ಬೆಳಗಾಗುವುದರೊಳಗೆ, ಇನ್ನು ಕೆಲವರಿಗೆ ಹಲವು ದಿನ ಕಳೆದ ಮೇಲೆ. ಹೀಗಾಗಿ ಗಂಧೆ ಎದ್ದ ಊರೇ ಕಚ್ಚಿಸಿಕೊಂಡ ಊರು ಎಂದು ಹೇಳಲಾಗದು. ಪ್ರವಾಸಿಗಳು ಮಾತ್ರ ತಪ್ಪದೆ ಹಾಗೆಯೇ ಹೇಳುತ್ತಾರೆ.

ಹೊಳಲ್ಕೆರೆಗೆ ಬಂದಿಳಿದಾಗ ಮೇಷ್ಟ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಗಂಧೆಗಳು ಸಾಲುಗಟ್ಟಿದ್ದವು. ಮೂರು, ಸ್ವಲ್ಪ ಜಾಗ, ಮತ್ತೆ ಮೂರು. ಸೊಳ್ಳೆ ಹೀಗೆ ಗೆರೆ ಎಳೆದು ಕಚ್ಚುವುದಿಲ್ಲವಲ್ಲ ಎಂಬ ಅನುಮಾನ ಬಯಲು ಗಣಪನ ಎದುರಿಗೆ ಮೊದಲ ಸಲ ಹುಟ್ಟಿತು. ಸೂರಿಲ್ಲದೆ ಬಿಸಿಲು ಮಳೆಗೆ ಒಡ್ಡಿಕೊಂಡು ಕೂತ ಆ ದೊಡ್ಡ ಗಣಪನನ್ನು ನೋಡುತ್ತ ಟೀಚರಿಗೆ ನಗು ಬಂತು. ಸಂಸ್ಕೃತದಲ್ಲಿ ತಿಗಣೆಗೆ ಮತ್ಕುಣ ಎಂದು ಹೆಸರು. ಅದರ ಮೇಲೆ ಒಂದು ಹಳೆಯ ಚಾಟು ಪದ್ಯವಿದೆ. ಲಕ್ಷ್ಮಿ ಹೋಗಿ ತಾವರೆಯಲ್ಲಿ ಮಲಗುವುದು, ಶಿವ ಹಿಮಾಲಯ ಹತ್ತುವುದು, ವಿಷ್ಣು ಹಾಲ್ಗಡಲಿಗೇ ಇಳಿದುಬಿಡುವುದು, ಎಲ್ಲವೂ ಈ ಮತ್ಕುಣದ ಭಯಕ್ಕೇ ಎಂಬುದು ಅದರ ತಮಾಷೆ. "ಇವನೂ ಅದಕ್ಕೇ ಗುಡಿ ಬೇಡ ಅಂದಿರಬೇಕು ನೋಡ್ರೀ" ಎಂದರು. ಮೇಷ್ಟ್ರು ನಗುವ ಸ್ಥಿತಿಯಲ್ಲಿರಲಿಲ್ಲ.

ಹೊಳಲ್ಕೆರೆಯಿಂದ ದುರ್ಗಕ್ಕೆ ಬರುವ ಬಸ್ಸಿನಲ್ಲಿ ಆ ತೋಳನ್ನು ನೋಡಿದ ಅಜ್ಜಿಯೊಬ್ಬರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ತಿಗಣಿ." ಅಲ್ಲಿಂದ ಮುಂದೆ ಬಸ್ಸಿಗೆ ಬಸ್ಸೇ ವೈದ್ಯರಾಯಿತು. ಮಂಚವನ್ನು ಅಂಗಳಕ್ಕೆ ತಂದು ಕಾಲು ಹಿಡಿದು ನೆಲಕ್ಕೆ ಕುಕ್ಕುವುದು, ಸಂದಿಗೆ ಕುದಿಯುವ ನೀರು ಹೊಯ್ಯುವುದು, ಸೀಮೆಎಣ್ಣೆಯಲ್ಲಿ ಅದ್ದಿದ ಕೋಳಿಪುಕ್ಕದಿಂದ ಬಳಿಯುವುದು, ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು, ಟಿಕ್-20 ಔಷಧಿ ಹೊಡೆಯುವುದು. ಹಗ್ಗದ ಮಂಚ, ನವಾರು ಮಂಚದ ಕಾಲದಲ್ಲಿ ಇದು ತಿಂಗಳಿಗೊಮ್ಮೆಯ ಮನೆಗೆಲಸ, ಹಬ್ಬಕ್ಕೆ ಮೊದಲು ಸುಣ್ಣ ಬಳಿದಂತೆ. ಟೀಚರಿಗೆ ತಮ್ಮ ಬಾಲ್ಯದ ಡಿಡಿಟಿಯವರು ನೆನಪಾದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು, ಅಡುಗೆಮನೆಯ ಪಾತ್ರೆಯನ್ನೆಲ್ಲ ಹೊರಗಿಡಿಸಿ, ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಅದು. ಬಂದದ್ದು ಸೊಳ್ಳೆಗೆಂದು. ಆದರೆ ಮನೆಯ ಹೆಂಗಸರು ಬಾಗಿಲು ತೆರೆಯುತ್ತಿದ್ದದ್ದು ತಿಗಣೆ ಸಾಯುತ್ತದೆಂಬ ಆಸೆಗೆ. ಕೆಲವೇ ವರ್ಷಗಳಲ್ಲಿ ತಿಗಣೆ ಸಾಯುವುದನ್ನು ಬಿಟ್ಟಿತು. ಡಿಡಿಟಿಗೆ ಜಗ್ಗದ ತಿಗಣೆಗಳು 1947ರಲ್ಲೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕರ ಬಿಡಾರದಲ್ಲಿ ಕಾಣಿಸಿಕೊಂಡಿದ್ದವು. ನಮ್ಮಲ್ಲೂ ಔಷಧಿಯ ಘಾಟಿಗೆ ಸಾಯದೆ, ಸಂದಿನಿಂದ ಹೊರಬಿದ್ದು ಮನೆಯೆಲ್ಲ ಓಡಾಡತೊಡಗಿದಾಗ, ಔಷಧಿ ಹೊಡೆಸಿದರೆ ತಿಗಣೆ ಹೆಚ್ಚುತ್ತದೆಂದು ಜನ ಬಾಗಿಲು ಹಾಕಿಕೊಂಡರು.

ಹಾಗೆ ದುರ್ಗಕ್ಕೆ ಬಂದದ್ದು, ಮಲಗಿದ್ದು, ಎರಡೂವರೆಗೆ ಎದ್ದದ್ದು.

ಆ ರಾತ್ರಿಯ ಉಳಿದ ಭಾಗ ಹೇಳಿಕೊಳ್ಳುವಂಥದ್ದಲ್ಲ. ಮೇಷ್ಟ್ರು ಕೆಳಗಿಳಿದು ಹೋಗಿ, ಕೌಂಟರಿನ ಹಿಂದೆ ಚಾಪೆಯ ಮೇಲೆ ಮಲಗಿದ್ದ ರೂಮ್‌ಬಾಯನ್ನು ಎಬ್ಬಿಸಿ, ಹಿಂದಿನ ಬೆಂಚಿನ ಹುಡುಗರನ್ನು ಮೂವತ್ತೈದು ವರ್ಷ ಬೈದ ದನಿಯಲ್ಲಿ ಬೈದರು. ದುಡ್ಡು ವಾಪಸ್ಸು ಕೊಡಬೇಕು, ಇಲ್ಲದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದರು. ಅದು ಬರಿಯ ಬೆದರಿಕೆಯೂ ಅಲ್ಲ. 2022ರಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ಹೊರಟ ಮಹಿಳೆಯೊಬ್ಬರು ದಾರಿಯುದ್ದಕ್ಕೂ ತಿಗಣೆ ಕಡಿಸಿಕೊಂಡು ದೂರು ಕೊಟ್ಟಿದ್ದರು. ದಕ್ಷಿಣ ಕನ್ನಡದ ಜಿಲ್ಲಾ ಗ್ರಾಹಕರ ಆಯೋಗ ಮುಂದೆ ಅವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಹುಡುಗ ಕಣ್ಣುಜ್ಜಿಕೊಂಡು ಎಲ್ಲವನ್ನೂ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ಮೊನ್ನೆ ತಾನೆ ಆ ಮಂಚ ಬಿಚ್ಚಿ ತೊಳ್ದಿದೀವಿ ಸಾ. ನಿಮ್ ಬ್ಯಾಗಲ್ಲೇ ಬಂದಿರ್ತೈತೆ, ನೋಡ್ಕಳಿ."

ಮೇಷ್ಟ್ರಿಗೆ ಇದು ಕಚ್ಚಿದ್ದಕ್ಕಿಂತ ಹೆಚ್ಚು ಉರಿಯಿತು.

ಬೆಳಿಗ್ಗೆ ಕೋಟೆ. ನಿದ್ದೆಗೆಟ್ಟ ಕಣ್ಣಿಗೂ ದುರ್ಗದ ಕಲ್ಲು ಕಲ್ಲೇ. ಬಂಡೆಯ ಮೇಲೆ ಬಂಡೆ ಬಿದ್ದು ಆದ ಸಂದುಗಳನ್ನೇ ದಾರಿ ಮಾಡಿ, ಸಂದಿಲ್ಲದ ಕಡೆ ಗೋಡೆ ಎಬ್ಬಿಸಿ ಏಳು ಸುತ್ತು ಕಟ್ಟಿದ್ದಾರೆ. ಒನಕೆ ಓಬವ್ವನ ಕಿಂಡಿಯ ಹತ್ತಿರ ಗೈಡು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ತೂರಿಬಂದ ಕತೆಯನ್ನು ಕೈಸನ್ನೆಯೊಂದಿಗೆ ಹೇಳುತ್ತಿದ್ದ. ಟೀಚರು ಗಂಡನ ಕಡೆ ನೋಡಿದರು. ಗಂಡ ಕೆರೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಚಂದ್ರವಳ್ಳಿ. ಅಂಕಲಿ ಮಠದ ಗವಿಗಳಿಗೆ ಇಳಿದರೆ ಹೊರಗಿನ ಬಿಸಿಲು ಒಂದೇ ತಿರುವಿನಲ್ಲಿ ಆರಿಹೋಗುತ್ತದೆ. ಟಾರ್ಚಿನ ಬೆಳಕಿನಲ್ಲಿ ಕಲ್ಲಿನ ಕೋಣೆ, ಅದರೊಳಗೊಂದು ಕೋಣೆ, ಬಾವಲಿಯ ಘಾಟು. ತಿಗಣೆಯ ಪೂರ್ವಜರು ಇಂಥ ಗವಿಗಳಲ್ಲೇ ಬಾವಲಿಯ ರಕ್ತದ ಮೇಲೆ ಬದುಕಿದ್ದವೆಂದೂ, ಮನುಷ್ಯ ಗವಿಯಲ್ಲಿ ಮಲಗಿದಾಗ ಅವನಿಗೆ ಅಂಟಿಕೊಂಡವೆಂದೂ ಮೇಷ್ಟ್ರು ಪಾಠ ಹೇಳಿದ್ದುಂಟು. ಮನುಷ್ಯನಿಗೆ ಅಂಟಿದ ಕತೆ ಇಂದಿಗೂ ನಿಂತಿದೆ. ಆದರೆ ತಿಗಣೆಯ ವಂಶದ ಮೊದಲ ಅನ್ನದಾತ ಬಾವಲಿಯಲ್ಲ. 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಈ ವಂಶ ಹನ್ನೊಂದು ಕೋಟಿ ವರ್ಷಕ್ಕೂ ಹಳೆಯದೆಂದು ತೋರಿಸಿತು. ಆಗ ಭೂಮಿಯ ಮೇಲೆ ಡೈನೋಸಾರ್‌ಗಳಿದ್ದವು, ಬಾವಲಿ ಇನ್ನೂ ಹುಟ್ಟಿರಲಿಲ್ಲ. ಮೊದಲ ತಿಗಣೆ ಯಾರ ರಕ್ತ ಕುಡಿಯುತ್ತಿತ್ತೋ ಯಾರಿಗೂ ತಿಳಿಯದು.

ಚಂದ್ರವಳ್ಳಿಯೆಂದರೆ ಕದಂಬರ ಮಯೂರಶರ್ಮನ ಶಾಸನದ ಊರು. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದ ನೆಲ. ಇಲ್ಲಿ ಸಿಕ್ಕವುಗಳಲ್ಲಿ ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳೂ ಇದ್ದವು. ಆ ನಾಣ್ಯ ಟಂಕಿಸಿದ ಶತಮಾನದಲ್ಲೇ ರೋಮಿನ ಪ್ಲಿನಿ ಎಂಬ ಪಂಡಿತ ತಿಗಣೆಯನ್ನು ಹಾವಿನ ವಿಷಕ್ಕೆ ಮದ್ದೆಂದು ಬರೆದಿಟ್ಟ. ಅದಕ್ಕೂ ಹಿಂದೆ, ಮೂರು ಸಾವಿರ ವರ್ಷಕ್ಕೂ ಹಳೆಯ ಈಜಿಪ್ಟಿನ ಅಮರ್ನಾದ ಕೂಲಿಕಾರರ ಮನೆಗಳಲ್ಲಿ ಒಣಗಿದ ತಿಗಣೆಗಳು ಸಿಕ್ಕಿವೆ. ಗ್ರೀಕರು ತಿಗಣೆಯನ್ನು ಕೋರಿಸ್ ಎನ್ನುತ್ತಿದ್ದರು. ಕೊತ್ತಂಬರಿಯ ಇಂಗ್ಲಿಷ್ ಹೆಸರು ಅದರಿಂದಲೇ ಬಂತು, ವಾಸನೆಯ ಹೋಲಿಕೆಗೆ, ಎನ್ನುವವರಿದ್ದಾರೆ. ಟೀಚರು ಇದನ್ನು ಕೇಳಿ, ಮನೆಗೆ ಹೋದ ಮೇಲೆ ಒಂದು ವಾರ ಸಾರಿಗೆ ಕೊತ್ತಂಬರಿ ಸೊಪ್ಪು ಹಾಕುವುದಿಲ್ಲ ಎಂದರು.

ಗವಿಯಿಂದ ಹೊರಬಂದು ಕೆರೆಯ ದಂಡೆಯಲ್ಲಿ ಕೂತಾಗ ಟೀಚರಿಗೆ ಪಂಚತಂತ್ರ ನೆನಪಾಯಿತು. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಎಂಬ ಹೇನು ಸುಖವಾಗಿ ಸಂಸಾರ ಮಾಡಿಕೊಂಡಿತ್ತು. ಅಗ್ನಿಮುಖ ಎಂಬ ತಿಗಣೆ ಎಲ್ಲಿಂದಲೋ ಬಂದು ಒಂದು ರಾತ್ರಿಗೆ ಜಾಗ ಕೇಳಿತು. ರಾಜ ಮಲಗುವ ತನಕ ಕಾಯಬೇಕೆಂಬ ಒಪ್ಪಂದವನ್ನೂ ಮರೆತು, ಮೊದಲೇ ಕಚ್ಚಿತು. ರಾಜ ಚೀರಿದ, ದೀಪ ಬಂತು, ತಿಗಣೆ ಮಂಚದ ಸಂದಿಗೆ ಸೇರಿತು, ಸೇವಕರ ಕೈಗೆ ಸಿಕ್ಕಿ ಸತ್ತದ್ದು ಹೇನು. ಮಕ್ಕಳಿಗೆ ಈ ಕತೆಯನ್ನು ಗುರುತಿಲ್ಲದವರಿಗೆ ಜಾಗ ಕೊಡಬೇಡಿ ಎಂದು ಹೇಳಿಕೊಡುತ್ತಾರೆ. ಟೀಚರಿಗೆ ಆ ಮಧ್ಯಾಹ್ನ ಬೇರೆಯೇ ಕಂಡಿತು. ಆ ಕತೆಯಲ್ಲಿ ಪ್ರವಾಸಿ ಯಾರು? ತಿಗಣೆ. ಪೆಟ್ಟು ತಿಂದದ್ದು ಯಾರು? ಇದ್ದಲ್ಲೇ ಇದ್ದದ್ದು.

"ಆ ಹುಡುಗನ್ನ ಅಷ್ಟು ಬೈಬಾರದಿತ್ತು ರೀ" ಎಂದರು. ಮೇಷ್ಟ್ರು ಮಾತಾಡಲಿಲ್ಲ.

ಮೈಸೂರಿಗೆ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಮೇಷ್ಟ್ರು ಬ್ಯಾಗನ್ನು ಹೊಸ್ತಿಲು ದಾಟಿಸಲಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟರು. ಬಟ್ಟೆಯನ್ನೆಲ್ಲ ಅಲ್ಲೇ ಹಂಡೆಯ ಕುದಿನೀರಿಗೆ ಹಾಕಿದರು. ಅರವತ್ತು ಡಿಗ್ರಿ ಬಿಸಿಯಲ್ಲಿ ಒಗೆದರೆ ತಿಗಣೆಯೂ ಉಳಿಯದು, ಮೊಟ್ಟೆಯೂ ಉಳಿಯದು. ಬರಿಯ ಬಿಸಿಲನ್ನು ನಂಬಿದರೆ ಆಗದು. ಹಾಸಿಗೆಯನ್ನು ತಾರಸಿಯ ಮೇಲೆ ಹರಡಿದರೆ ತಿಗಣೆ ನೆರಳಿನ ಬದಿಗೆ ಸರಿದು ಕೂರುತ್ತದೆ, ಸಂಜೆ ಹಾಸಿಗೆಯ ಜೊತೆಗೇ ಒಳಗೆ ಬರುತ್ತದೆ. ಮಾಸಿದ ಬಟ್ಟೆಯದೇ ಇನ್ನೊಂದು ಕತೆ. 2017ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು ಕೋಣೆಯಲ್ಲಿ ಒಗೆದ ಬಟ್ಟೆಯ ಚೀಲವನ್ನೂ ತೊಟ್ಟುಬಿಟ್ಟ ಬಟ್ಟೆಯ ಚೀಲವನ್ನೂ ಇಟ್ಟು ತಿಗಣೆ ಬಿಟ್ಟರು. ಮಾಸಿದ ಬಟ್ಟೆಗೆ ಸೇರಿದ ತಿಗಣೆಗಳು ಎರಡರಷ್ಟು. ಮೈಯ ವಾಸನೆ ಉಳಿದ ಬಟ್ಟೆಯೂ ಅದಕ್ಕೆ ಮನುಷ್ಯನೇ. ನೆಲದ ಮೇಲೆ ಬಾಯಿ ತೆರೆದು ಬಿದ್ದ ಪ್ರವಾಸಿಯ ಬ್ಯಾಗು ಅದಕ್ಕೆ ತೆರೆದ ಬಾಗಿಲು.

ಬ್ಯಾಗು ಖಾಲಿಯಾದ ಮೇಲೆ ಮೇಷ್ಟ್ರು ಪ್ರಯೋಗಾಲಯದ ಹಳೆಯ ಭೂತಗನ್ನಡಿ ತಂದು, ಒಳಗಿನ ಅಸ್ತರನ್ನು ಹೊರಳಿಸಿ, ಜಿಪ್ಪಿನ ಪಕ್ಕದ ಹೊಲಿಗೆಯನ್ನು ಉಗುರಿನಿಂದ ಬಿಡಿಸಿದರು. ಮೊದಲು ಕಂಡದ್ದು ಕಪ್ಪು ಚುಕ್ಕಿಗಳು. ಪೆನ್ನಿನ ಮೊನೆಯನ್ನು ಬಟ್ಟೆಗೆ ತಾಗಿಸಿ ತೆಗೆದ ಹಾಗೆ, ಒಂದರ ಪಕ್ಕ ಒಂದು. ಅದು ತಿಗಣೆಯ ಹಿಕ್ಕೆ, ಜೀರ್ಣವಾದ ರಕ್ತ. ಆಮೇಲೆ ಎಳ್ಳಿನ ಸಿಪ್ಪೆಯಂಥ ಹೊಂಬಣ್ಣದ ಪೊರೆಗಳು, ಊದಿದರೆ ಹಾರುವಷ್ಟು ಹಗುರ. ಮರಿ ತಿಗಣೆ ದೊಡ್ಡದಾಗುವುದರೊಳಗೆ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಮೊದಲು ಒಂದು ಊಟ ಬೇಕು. ಅದರ ಪಕ್ಕದಲ್ಲೇ, ದಾರಕ್ಕೆ ಅಂಟಿಕೊಂಡು, ಚಿರೋಟಿ ರವೆಯಂಥ ಬಿಳಿ ಕಾಳುಗಳು. ಗಾಜಿನಡಿ ನೋಡಿದರೆ ಒಂದೊಂದರ ತುದಿಯಲ್ಲೂ ಮುಚ್ಚಳ ತೆರೆದಿತ್ತು. ಒಡೆದ ಮೊಟ್ಟೆಗಳು.

ಮೇಷ್ಟ್ರು ಅಲ್ಲೇ ಕಲ್ಲಿನ ಮೇಲೆ ಕೂತರು. ತಿಗಣೆಯ ಮೊಟ್ಟೆ ಒಡೆಯುವುದಕ್ಕೆ ಹೆಚ್ಚುಕಡಿಮೆ ಒಂದು ವಾರ ಬೇಕು. ಮರಿ ಹೀರಿ ಪೊರೆ ಬಿಡಲು ಇನ್ನೂ ಹಲವು ದಿನ. ಬ್ಯಾಗು ಅವರ ಕೈಗೆ ಬಂದು ಆರನೆಯ ದಿನ ಅದು. ಹಿರಿಯೂರಿಗೆ ಹೊರಟಾಗಲೇ ಮೊಟ್ಟೆಗಳು ಅಲ್ಲಿದ್ದವು.

ತಂಗಿಯ ಮಗನಿಗೆ ಫೋನ್ ಹೋಯಿತು. "ಹೌದು ದೊಡ್ಡಪ್ಪ, ನಮ್ ಪಿಜಿಲಿ ಎಲ್ರಿಗೂ ಕಚ್ಚತ್ತೆ. ಅಭ್ಯಾಸ ಆಗ್ಬಿಟ್ಟಿದೆ" ಎಂದ ಅವನು, ಊಟ ಆಯಿತೆಂದು ಹೇಳುವಷ್ಟು ಸಲೀಸಾಗಿ. ಔಷಧಿ ಹೊಡೆಸುತ್ತಾರಂತೆ, ಎರಡು ದಿನ ಸುಮ್ಮನಿದ್ದು ಮತ್ತೆ ಬರುತ್ತವಂತೆ. ಮೇಷ್ಟ್ರು ಈ ಮಾತಿಗೆ ಮಾತ್ರ ಗದರಿದರು. ಔಷಧಿ ಹೊಡೆದ ಕೋಣೆಯಲ್ಲಿ ಗಾಳಿಯಾಡುವ ಮೊದಲೇ ಮಲಗಿ ಪ್ರಾಣ ಕಳೆದುಕೊಂಡವರ ಸುದ್ದಿ ಬೆಂಗಳೂರಿನಿಂದಲೇ ಬಂದದ್ದುಂಟು. ಧಾನ್ಯದ ಮೂಟೆಗೆ ಇಡುವ ಮಾತ್ರೆಯನ್ನು ಮಂಚದಡಿ ಇಟ್ಟವರೂ ಇದ್ದಾರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮಂಚದ ಕೆಳಗಿನದಕ್ಕೆ ಮೊದಲು ಮಂಚದ ಮೇಲಿನವರನ್ನು ತೆಗೆಯುತ್ತದೆ. ತಿಗಣೆಯೋ, ಇಷ್ಟೆಲ್ಲ ರಕ್ತ ಕುಡಿದೂ ಮನುಷ್ಯರಿಗೆ ಯಾವ ರೋಗವನ್ನಾದರೂ ದಾಟಿಸಿತೆಂದು ಈವರೆಗೆ ಸಾಬೀತಾಗಿಲ್ಲ. ಮದರಾಸಿನಲ್ಲಿದ್ದ ಪ್ಯಾಟನ್ ಎಂಬ ವೈದ್ಯ 1907ರ ಸುಮಾರಿಗೆ ಕಾಲಾ ಅಜಾರ್ ಜ್ವರವನ್ನು ತಿಗಣೆಯೇ ಹರಡುತ್ತದೆಂದು ಬಲವಾಗಿ ಶಂಕಿಸಿದ್ದ. ಕೊನೆಗೆ ಅಪರಾಧಿ ಮರಳುನೊಣ ಎಂದಾಯಿತು. ತಪ್ಪು ಹೊರಿಸಿಕೊಳ್ಳುವುದರಲ್ಲಿ ತಿಗಣೆಗೂ ಒಂದು ಪಾಲು ಇತ್ತು.

ಅಂದು ಮಧ್ಯಾಹ್ನವೆಲ್ಲ ಮೇಷ್ಟ್ರು ಇಸ್ತ್ರಿ ಪೆಟ್ಟಿಗೆ ಕಾಯಿಸಿ ಬ್ಯಾಗಿನ ಹೊಲಿಗೆಗಳ ಮೇಲೆ ಇಂಚಿಂಚಾಗಿ ಒತ್ತಿದರು. ಟೀಚರು ಲಾಡ್ಜುಗಳ ಲೆಕ್ಕ ಹಾಕುತ್ತಿದ್ದರು. ಹಿರಿಯೂರಿನಲ್ಲಿ ಬ್ಯಾಗನ್ನು ಇಟ್ಟದ್ದು ಮಂಚದ ಮೇಲೆ. ಹೊಸದುರ್ಗದಲ್ಲಿ ಮಂಚದ ಕೆಳಗೆ, ಎರಡು ರಾತ್ರಿ, ಬಾಯಿ ತೆರೆದು. ಹೊಳಲ್ಕೆರೆಯಲ್ಲಿ ಗೋಡೆಯ ಬೀರುವಿನೊಳಗೆ. ಒಂದೇ ಒಂದು ಬಸುರಿ ತಿಗಣೆ ಇಳಿದಿದ್ದರೆ ಸಾಕು, ಅದು ಬದುಕಿನಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ಮುಂದಿನ ತಿಂಗಳು ಆ ಕೋಣೆಗಳಲ್ಲಿ ಮಲಗುವವರು ಯಾರನ್ನು ಎಬ್ಬಿಸಿ ಬೈಯುತ್ತಾರೆ?

ಸಂಜೆ ದುರ್ಗದ ಲಾಡ್ಜಿನ ಬಿಲ್ಲು ಹುಡುಕಿ, ಅದರಲ್ಲಿದ್ದ ನಂಬರಿಗೆ ಮೇಷ್ಟ್ರು ಫೋನ್ ಮಾಡಿದರು. ಎತ್ತಿದ್ದು ಅದೇ ಹುಡುಗ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮೊಟ್ಟೆ, ಪೊರೆ, ಆರು ದಿನದ ಲೆಕ್ಕವೆಲ್ಲ ವಿವರಿಸಿ, ತಪ್ಪು ತಮ್ಮದೆಂದು ಹೇಳಿದರು.

"ಗೊತ್ತಿತ್ತು ಬಿಡಿ ಸಾ" ಎಂದ ಹುಡುಗ. "ನೀವು ಹೋದ್ ಮ್ಯಾಕೆ ಮಂಚ ಬಿಚ್ಚಿ ಬಿಸ್ನೀರು ಹುಯ್ದು ಆತು. ಇನ್ನೊಂದ್ ಹತ್ ದಿನಕ್ಕೆ ಮತ್ತೆ ಹುಯ್ಬೇಕು, ಮೊಟ್ಟೆ ಒಡೀತಾವಲ್ಲ. ಅಲ್ಲೀವರ್ಗೂ ಆ ರೂಮ್ ಯಾರ್ಗೂ ಕೊಡಲ್ಲ." ಸ್ವಲ್ಪ ತಡೆದು ಕೇಳಿದ: "ನಮ್ಮೂರಿಗಿಂತ ಮುಂಚೆ ಎಲ್ಲೆಲ್ಲಿ ಉಳ್ಕೊಂಡಿದ್ರಿ ಸಾ? ಅವ್ರಿಗೂ ಒಂದು ಫೋನ್ ಮಾಡ್ಬಿಡಿ."

ಹಿರಿಯೂರು, ಹೊಳಲ್ಕೆರೆಯ ಬಿಲ್ಲುಗಳು ಮೇಷ್ಟ್ರ ಜೇಬಿನಲ್ಲಿದ್ದವು. ಹ್ಞಾಂ, ಸರಿ ಎಂದು ಆ ಎರಡು ಕಡೆಯವರೂ ಫೋನ್ ಇಟ್ಟರು. ಹೊಸದುರ್ಗದ್ದು ಮಾತ್ರ ಎಲ್ಲಿ ಹುಡುಕಿದರೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಟೀಚರಿಗೆ ನೆನಪಾಯಿತು. ಅದನ್ನು ಬಿಳಿ ಪಂಚೆಯ ಮಡಿಕೆಯಲ್ಲಿ ಇಟ್ಟಿದ್ದರು. ಪಂಚೆ ಹಂಡೆಯಲ್ಲಿತ್ತು.